ಟಿಲ್ಲಿ ಹಾಗನ್ ಮತ್ತು ದುಂಡುಮೇಜಿನ ಕುರ್ಚಿ

ಕೆಟಲ್ ಕ್ರೀಕ್ ಕಣಿವೆಯಲ್ಲಿ ಟಿಲ್ಲಿ ಹಾಗನ್ ಬರುತ್ತಿದ್ದಾಳೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು, ಕಿವಿಗಿಂತ ಮೊದಲು ಮೂಗಿಗೆ. ಪಡುವಣ ಗಾಳಿ ಬೀಸುವ ದಿನ ಅಂಚೆ ಕಚೇರಿಯ ಹೆಂಗಸು ಕಿಟಕಿ ಮುಚ್ಚುತ್ತಿದ್ದಳು. ಪಾದ್ರಿ ಪ್ರಾರ್ಥನೆಯನ್ನು ಸ್ವಲ್ಪ ಬೇಗ ಮುಗಿಸುತ್ತಿದ್ದ. ಅದರ ಬೆನ್ನಿಗೇ ಹಾರನ್ನು. ಗುಜರಿಗೆ ಬಿದ್ದ ಅಗ್ನಿಶಾಮಕ ಗಾಡಿಯಿಂದ ಕಿತ್ತು ತಂದು ಅವಳ ಮೈದುನ ಆರ್ವಿಡ್ ಟ್ರಕ್ಕಿಗೆ ಜೋಡಿಸಿಕೊಟ್ಟ ಆ ಹಾರನ್ನಿಗೆ ಎದುರು ಬೆಟ್ಟದ ಹಿಮ ಕುಸಿದ ದಾಖಲೆ ಉಂಟೆಂದು ಊರವರು ಹೇಳುತ್ತಿದ್ದರು. ಊರವರು ಹೇಳುವುದರಲ್ಲಿ ಅರ್ಧ ಬಿಟ್ಟರೂ ಹಾರನ್ನು ಸಣ್ಣದೇನಲ್ಲ. ಕೊನೆಗೆ ಟ್ರಕ್ಕಿನ ಮೇಲೆ ಛತ್ರಿ ಹಿಡಿದಂತೆ ಕಾಡುಕಾಗೆಗಳ ಒಂದು ಹಿಂಡು. ರಾಜರಿಗೆ ಬಿರುದು ಬಾವಲಿ, ಪರಿವಾರ ಇರುವ ಹಾಗೆ ಟಿಲ್ಲಿಗೆ ಇವಿಷ್ಟು ಇದ್ದವು. ಬಿರುದೂ ಇತ್ತು: ಹೆಣದ ಟಿಲ್ಲಿ.

ಅವಳ ಕೆಲಸ, ಕಣಿವೆಯ ದನ ಸಾಕುವ ರ್ಯಾಂಚುಗಳಲ್ಲಿ ಸತ್ತ ದನ ಕರುಗಳನ್ನು ಎತ್ತಿಕೊಂಡು ಬರುವುದು.

ಹುಟ್ಟಿದ್ದು ಇದೇ ಕಣಿವೆಯಲ್ಲಿ, ಕುದುರೆಗೆ ಲಾಳ ಕಟ್ಟುವವನ ಮಗಳಾಗಿ. ಬೇರೆ ಹುಡುಗಿಯರು ಗೊಂಬೆಯ ಜಡೆ ಹೆಣೆಯುವ ವಯಸ್ಸಿನಲ್ಲಿ ಅವಳು ಒದೆಯುವ ಕುದುರೆಯ ಹಿಂಗಾಲು ಹಿಡಿದು ನಿಂತಿದ್ದಳು. ಒಮ್ಮೆ ಹಿಡಿದದ್ದನ್ನು ಬಿಡಬಾರದು ಎಂಬ ಪಾಠ ಅಲ್ಲಿಯೇ ಆದದ್ದು. ಬಿಟ್ಟರೆ ಹಲ್ಲು ಹೋಗುತ್ತಿತ್ತು. ಮದುವೆಯಾದದ್ದು ಲಾರ್ಸ್ ಹಾಗನ್‌ನನ್ನು. ಲಾರ್ಸ್ ಒಳ್ಳೆಯವ, ಮಾತುಗಾರ. ಬೇಲಿಯ ಕಂಬ ಒಂದನ್ನು ನೆಡುವ ಹೊತ್ತಿಗೆ ಮೂರು ಕಥೆ ಹೇಳುತ್ತಿದ್ದ, ನಾಲ್ಕನೆಯದರ ಹೊತ್ತಿಗೆ ಟಿಲ್ಲಿಯೇ ಉಳಿದ ಕಂಬಗಳನ್ನು ನೆಟ್ಟಿರುತ್ತಿದ್ದಳು. ಹೀಗೆ ಇಬ್ಬರೂ ಸುಖವಾಗಿದ್ದರು.

ಹಿಂದೆಲ್ಲ ಹಸುಗಳು ಈಯುವ ಕಾಲದಲ್ಲಿ ಸತ್ತ ಕರುಗಳನ್ನು ಪ್ರತಿ ರ್ಯಾಂಚಿನವರೂ ತಮ್ಮ ಹಿತ್ತಲ ಮೂಳೆಗುಂಡಿಗೆ ಎಸೆಯುತ್ತಿದ್ದರು. ಆ ವಾಸನೆ ಹಿಡಿದು ಗ್ರಿಜ್ಲಿ ಕರಡಿ ಬರುತ್ತಿತ್ತು, ತೋಳಗಳು ಬರುತ್ತಿದ್ದವು. ಸತ್ತವು ಮುಗಿದ ಮೇಲೆ ಬದುಕಿರುವವುಗಳ ಕಡೆ ನೋಡುತ್ತಿದ್ದವು. ಆಮೇಲೆ ಬಂದೂಕು, ಆಮೇಲೆ ಜಗಳ, ಆಮೇಲೆ ಸರ್ಕಾರದವರು. ಸಾಕಾಗಿ ಒಂದು ದಿನ ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿದರು. ಒಂದು ಟ್ರಕ್ಕು ಇಟ್ಟು ಹೆಣಗಳನ್ನೆಲ್ಲ ಎತ್ತಿಸಬೇಕು, ಕಣಿವೆಯ ತುದಿಯಲ್ಲಿ ವಿದ್ಯುತ್ ಬೇಲಿಯೊಳಗೆ ಮರದ ಚಕ್ಕೆಯಡಿ ಹೂತು ಗೊಬ್ಬರ ಮಾಡಬೇಕು ಎಂದು ಎಲ್ಲರೂ ಒಪ್ಪಿದರು. ಆ ಕೆಲಸ ಮಾಡುವವರು ಯಾರು ಎಂದಾಗ ಸಭೆಗೆ ಸಭೆಯೇ ತನ್ನ ಬೂಟುಗಳನ್ನು ಹೊಸದಾಗಿ ನೋಡುತ್ತಿರುವಂತೆ ತಲೆ ತಗ್ಗಿಸಿತು. ಹಿಂದಿನ ಬೆಂಚಿನಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಟಿಲ್ಲಿ ಕಡ್ಡಿಗಳನ್ನು ಚೀಲಕ್ಕೆ ಹಾಕಿ, "ಕೀಲಿಕೈ ಎಲ್ಲಿದೆ?" ಎಂದಳು.

ಅಂದಿನಿಂದ ಅವಳದು ಒಂದೇ ವ್ರತ: ತನ್ನ ಗಾಡಿಯಿಂದ ಒಂದು ತುಣುಕೂ ಕರಡಿಯ ಬಾಯಿಗೆ ಹೋಗಕೂಡದು. ಒಮ್ಮೆ ಟ್ರಕ್ಕಿನಿಂದ ಉಂಡ ಕರಡಿ ಮುಂದೆ ಕಂಡ ಟ್ರಕ್ಕಿಗೆಲ್ಲ ನೆಂಟನಾಗುತ್ತದೆ. ಅಂಥ ನೆಂಟನಿಗೆ ಕಣಿವೆಯಲ್ಲಿ ಗುಂಡೇ ಉಡುಗೊರೆ. ಇದು ಟಿಲ್ಲಿಗೆ ಗೊತ್ತಿತ್ತು.

ಆದರೆ ಈ ವ್ರತವೇ ಅವಳ ಬದುಕಿನ ಒಂದು ದೊಡ್ಡ ಆಸೆಗೆ ಅಡ್ಡಗಾಲಾಗಿತ್ತು.

ಊರಿನಲ್ಲಿ ಐಡಾಳ ಕಾಫಿ ಹೋಟೆಲು ಒಂದೇ. ಅಲ್ಲಿ ಒಲೆಯ ಪಕ್ಕ ಒಂದು ದುಂಡುಮೇಜು. ಅದರ ಸುತ್ತ ಕೂರಲು ಹಣ ಬೇಡ, ಜಮೀನು ಬೇಡ. ಒಂದೇ ಬೇಟೆಯ ಮೇಲೆ ಕರಡಿಯೂ ತೋಳಗಳೂ ಮುಖಾಮುಖಿಯಾದದ್ದನ್ನು ಕಣ್ಣಾರೆ ಕಂಡಿರಬೇಕು, ಅಷ್ಟೆ. ಕಂಡೆ ಎಂದು ಬಂದವನು ಮೊದಲು ಎಲ್ಲರೆದುರು ಕಥೆ ಹೇಳಬೇಕು. ಕರಡಿಯನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ತೋಳಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು, ಯಾರೂ ಚಕಾರವೆತ್ತುವುದಿಲ್ಲ. ಕಥೆ ಮುಗಿದ ಮೇಲೆ ಮೇಜಿನ ಹಿರಿಯ, ಹಳೆಯ ಬೇಟೆ ಮಾರ್ಗದರ್ಶಿ ಕ್ಲೆಮ್ ರಸ್ಟಾಡ್, ಅವನನ್ನು ಹೊರಗಿನ ಜಗುಲಿಗೆ ಕರೆದೊಯ್ದು ಕಿವಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮೊದಲು ಎದ್ದು ಹೋಗಿದ್ದು ಯಾರು?" ಉತ್ತರ ಸರಿಯಾದರೆ ಕುರ್ಚಿ. ತಪ್ಪಾದರೆ ಬಾಗಿಲ ಬಳಿಯ ಉದ್ದಮೇಜು.

ಕರಡಿ ಎಂದವರು ಉದ್ದಮೇಜಿಗೆ ಬಂದಿದ್ದರು. ತೋಳ ಎಂದವರೂ ಉದ್ದಮೇಜಿಗೇ ಬಂದಿದ್ದರು. ಮತ್ತೆ ಉಳಿದದ್ದು ಯಾರು ಎಂದು ಊರು ಎರಡು ತಲೆಮಾರಿನಿಂದ ತಲೆ ಕೆರೆದುಕೊಳ್ಳುತ್ತಿತ್ತು. ಕುರ್ಚಿ ಸಿಕ್ಕವರು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಲಾರ್ಸ್‌ಗೆ ಕುರ್ಚಿ ಸಿಕ್ಕಿತ್ತು. ಪ್ರತಿ ಕ್ರಿಸ್ಮಸ್ಸಿಗೂ ಅವನ ಕಥೆಯಲ್ಲಿ ಕರಡಿ ಒಂದು ತೋಳವನ್ನು ಪೈನ್ ಮರದ ತಲೆಯ ಮೇಲಿಂದ ಎಸೆಯುತ್ತಿತ್ತು. ವರ್ಷ ಕಳೆದಂತೆ ಮರ ಬೆಳೆಯುತ್ತಿತ್ತು. ಟಿಲ್ಲಿ ಎಷ್ಟೋ ಸಲ ಆ ಉತ್ತರ ಕೇಳಿದ್ದಳು. ಕೊನೆಯ ಕಾಯಿಲೆಯಲ್ಲಿ ಅವನ ಕೈ ಹಿಡಿದು ಕೂತಾಗಲೂ ಕೇಳಿದ್ದಳು. "ಮೇಜಿನ ಮಾತು ಮೇಜಿಗೇ ಕಣೆ," ಎಂದು ಲಾರ್ಸ್ ನಕ್ಕ. ಆ ನಗು ಮುಖದಲ್ಲಿ ಇರುವಾಗಲೇ ಹೋದ. ಗಂಡ ಸತ್ತ ದುಃಖದ ಜೊತೆಗೆ ಅವನನ್ನು ಒಮ್ಮೆ ಅಲ್ಲಾಡಿಸಿ ಕೇಳಬೇಕೆಂಬ ಸಿಟ್ಟೂ ಟಿಲ್ಲಿಗೆ ಇತ್ತು.

ಮೇಜಿಗೆ ಇನ್ನೊಂದು ಪದ್ಧತಿ. ಸತ್ತವನ ಕುರ್ಚಿ ಎರಡು ಚಳಿಗಾಲ ಖಾಲಿ ಇರುತ್ತದೆ. ಎರಡನೆಯ ಚಳಿಗಾಲದ ಕೊನೆಗೆ ಹೋಟೆಲಿನ ಛಾವಣಿಯಿಂದ ಹಿಮ ಜಾರಿ ಬಿದ್ದ ದಿನ ಅದನ್ನು ಜಗುಲಿಗೆ ಹಾಕುತ್ತಾರೆ. ಜಗುಲಿಗೆ ಹೋದ ಕುರ್ಚಿ ಹೂಕುಂಡಕ್ಕೆ. ಲಾರ್ಸನ ಕುರ್ಚಿಗೆ ಅದು ಎರಡನೆಯ ಚಳಿಗಾಲ. ಅದರಲ್ಲಿ ತಾನೇ ಕೂರಬೇಕೆಂಬುದು ಟಿಲ್ಲಿಯ ಆಸೆ. ಆದರೆ ಕೂರಲು ಅವಳು ಕಂಡಿರಬೇಕು. ಇಡೀ ಕಣಿವೆಯಲ್ಲಿ ಕರಡಿ ತೋಳಗಳು ಸೇರುವ ಜಾಗಗಳನ್ನು ಒಂದೊಂದಾಗಿ ಗುಡಿಸಿ ಹಾಕಿದವಳು ಅವಳೇ. ನಾಟಕದ ಪರದೆಯನ್ನು ತಾನೇ ಸುಟ್ಟು ಆಮೇಲೆ ಮುಂದಿನ ಸಾಲಿನಲ್ಲಿ ಜಾಗ ಕೇಳುವ ಸ್ಥಿತಿ.

ಏಪ್ರಿಲ್ಲಿನ ಆ ಬೆಳಿಗ್ಗೆ ಅವಳು ಹೋಟೆಲಿಗೆ ಬಂದಾಗ ಛಾವಣಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಣದ ವಾಸನೆಗೆ ಹೆದರಿ ಐಡಾ ಅವಳಿಗೆಂದೇ ಮಾಡಿದ ಕಟ್ಟಳೆಯಂತೆ ಬೂಟು ಹೊರಗೆ ಬಿಟ್ಟು, ಬಾಗಿಲ ಬಳಿಯ ಉದ್ದಮೇಜಿನಲ್ಲಿ ಕೂತಳು. ಥರ್ಮಸ್ಸಿಗೆ ಕಾಫಿ ತುಂಬಿಸಿಕೊಂಡು ಹೊರಡುವುದಷ್ಟೇ ಕೆಲಸ. ಆದರೆ ದುಂಡುಮೇಜಿನಿಂದ ಕ್ಲೆಮ್ ಕೆಣಕಿದ.

"ಐಡಾ, ಆ ಜಗುಲಿಗೆ ಜೆರೇನಿಯಂ ಕುಂಡ ರೆಡಿ ಮಾಡ್ಕೊ. ಇವತ್ತೋ ನಾಳೆನೋ ಹಿಮ ಬೀಳತ್ತೆ."

"ಬೀಳ್ಲಿ," ಎಂದಳು ಟಿಲ್ಲಿ. "ನಿನ್ನ ತಲೆ ಮೇಲೇ ಬೀಳ್ಲಿ."

"ನನ್ನ ಮೇಲೆ ಯಾಕೆ ಸಿಟ್ಟು ಮಾರಾಯ್ತಿ? ನೋಡಿದ್ರೆ ಬಂದು ಕೂತ್ಕೊ. ನೋಡಿಲ್ಲ ಅಂದ್ರೆ ನಾನೇನು ಮಾಡ್ಲಿ? ಕರಡಿಗೆ ಚೀಟಿ ಬರೀಲಾ?"

"ಲಾರ್ಸ್ ಜೊತೆ ಅಷ್ಟು ವರ್ಷ ಸಂಸಾರ ಮಾಡಿದೀನಿ. ಅದಕ್ಕಿಂತ ದೊಡ್ಡ ಮುಖಾಮುಖಿ ನಿಮ್ಮಲ್ಲಿ ಯಾರು ನೋಡಿದೀರಿ?"

ದುಂಡುಮೇಜು ಗೊಳ್ಳೆಂದಿತು. ಆರ್ವಿಡ್ ಕೂಡ ಅಲ್ಲೇ ಕೂತಿದ್ದ. ಅಣ್ಣನಂತೆ ಅವನಿಗೂ ಕುರ್ಚಿ ಇತ್ತು. "ಹೊರಡೆ ಟಿಲ್ಲಿ," ಎಂದ ಮೆತ್ತಗೆ. "ಮೇಲಿನ ಹುಲ್ಲುಗಾವಲಲ್ಲಿ ನಂದೊಂದು ಮುದಿ ಹಸು ಹೋಗಿದೆ, ಎರಡು ಕರು ಬೇರೆ. ಬಿಸಿಲೇರಿದ್ರೆ ಆ ದಾರಿ ಗಂಜಿ ಆಗತ್ತೆ."

"ಗೊತ್ತು. ನೀನೇನು ನಂಗೆ ದಾರಿ ಹೇಳೋದು." ಎಂದವಳು ಎದ್ದಳೇ? ಇಲ್ಲ. ಕ್ಲೆಮ್‌ನ ಜೊತೆ ಇನ್ನೂ ಒಂದಷ್ಟು ಹೊತ್ತು ವಾದ ಮಾಡಿದಳು. ವಾದದಲ್ಲಿ ಗೆದ್ದಳು, ಕುರ್ಚಿ ಸಿಗಲಿಲ್ಲ.

ಆ ಕಾಲದಲ್ಲಿ ಕಣಿವೆಯ ದಾರಿಗಳು ರಾತ್ರಿ ಕಲ್ಲು, ಹಗಲು ಕೆಸರು. ಸೂರ್ಯ ಪೂರ್ವದ ಬೆಟ್ಟ ದಾಟುವ ಮುಂಚೆ ಹೋಗಿ ಬಂದುಬಿಡಬೇಕು, ಇದು ಅಲ್ಲಿಯ ಮಕ್ಕಳಿಗೂ ಗೊತ್ತು. ಟಿಲ್ಲಿ ಹಸುವನ್ನೂ ಕರುಗಳನ್ನೂ ಸರಪಳಿಯಿಂದ ಎಳೆದು ಹೇರಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಕೆಳಗಿಳಿಯುವಾಗ ಸೂರ್ಯ ಆರಾಮಾಗಿ ಮೇಲೆ ಕೂತಿದ್ದ. ಹಳ್ಳದ ತಿರುವಿನಲ್ಲಿ ಟ್ರಕ್ಕಿನ ಹಿಂದಿನ ಗಾಲಿಗಳು ಒಮ್ಮೆ ನಿಟ್ಟುಸಿರು ಬಿಟ್ಟು ಅಚ್ಚಿನವರೆಗೆ ಹೂತುಕೊಂಡವು.

ಇಳಿದು ಗುದ್ದಲಿಯಿಂದ ಕೆರೆದಳು. ಗಾಲಿಗೆ ಸರಪಳಿ ಸುತ್ತಿದಳು. ಟ್ರಕ್ಕು ಇನ್ನೂ ಒಂದು ಗೇಣು ಕೆಳಗೆ ಹೋಯಿತು. ಆ ಕಣಿವೆಯಲ್ಲಿ ಫೋನು ಬರೀ ಅಲಂಕಾರಕ್ಕೆ. ಮೇಲೆ ಅವಳ ಪರಿವಾರದ ಕಾಗೆಗಳು, ಓಡುವ ಅನ್ನ ನಿಂತಿತೆಂದು ಸಂತೋಷಪಟ್ಟು, ಸುತ್ತು ಹೊಡೆಯುತ್ತ ಕೂಗಿ ಕೂಗಿ ಊರಿಗೆಲ್ಲ ಡಂಗುರ ಸಾರತೊಡಗಿದವು. ಊರಿನಲ್ಲಿ ಯಾರೂ ಕೇಳಲಿಲ್ಲ. ಕಾಡಿನಲ್ಲಿ ಕೇಳಬೇಕಾದವರು ಕೇಳಿಸಿಕೊಂಡರು.

ಮೊದಲು ವಿಲೋ ಪೊದೆಗಳು ಅಲುಗಿದವು. ಗುದ್ದಲಿಯನ್ನು ಅಲ್ಲೇ ಬಿಟ್ಟು ಟಿಲ್ಲಿ ಕ್ಯಾಬಿನ್ನಿಗೆ ಹತ್ತಿ ಬಾಗಿಲು ಎಳೆದುಕೊಂಡಳು. ಹೊರಬಂದದ್ದು ಗಂಡು ಗ್ರಿಜ್ಲಿ. ಚಳಿಗಾಲವಿಡೀ ಗುಹೆಯಲ್ಲಿ ಮಲಗಿ ಎದ್ದದ್ದು, ಚರ್ಮ ಅಣ್ಣನ ಕೋಟು ತಮ್ಮ ಹಾಕಿಕೊಂಡಂತೆ ಜೋಲುತ್ತಿತ್ತು. ಒಂದು ಕಿವಿ ಹರಿದಿತ್ತು. ಹಿಂಗಾಲ ಮೇಲೆ ನಿಂತು ಗಾಳಿ ಮೂಸಿ, ಮದುವೆ ಮನೆಗೆ ಬಂದ ಹಿರಿಯ ನೆಂಟನ ಗತ್ತಿನಲ್ಲಿ ನೇರ ಟ್ರಕ್ಕಿನ ಹಿಂಬಾಗಿಲಿಗೆ ಬಂತು.

ಟಿಲ್ಲಿ ಹಾರನ್ನು ಒತ್ತಿದಳು. ಬೆಟ್ಟ ಮಾರ್ದನಿಸಿತು. ಆ ಹರಿಕಿವಿ ಕರಡಿ ಒಮ್ಮೆ ತಲೆ ಎತ್ತಿ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನೆಂಟರು ನೋಡುವ ಹಾಗೆ ನೋಡಿತು. ಮತ್ತೆ ಟಾರ್ಪಾಲಿಗೆ ಉಗುರು ಹಾಕಿತು. ಕರಡಿ ಓಡಿಸುವ ಖಾರದ ಸ್ಪ್ರೇ ಡಬ್ಬಿ ಪಕ್ಕದಲ್ಲೇ ಇತ್ತು, ಆದರೆ ಗಾಳಿ ಹಿಂದಿನಿಂದ ಅವಳ ಮುಖಕ್ಕೇ ಬೀಸುತ್ತಿತ್ತು. ಹಿಂದೊಮ್ಮೆ ಲಾರ್ಸ್ ಎದುರುಗಾಳಿಯಲ್ಲಿ ಆ ಡಬ್ಬಿಯನ್ನು ಪರೀಕ್ಷೆ ಮಾಡಿ ಇಡೀ ಭಾನುವಾರ ಕುದುರೆಯ ತೊಟ್ಟಿಯಲ್ಲಿ ಮುಖ ಮುಳುಗಿಸಿಕೊಂಡು ಕಳೆದಿದ್ದ.

ಆಗ ದಿಬ್ಬದ ಮೇಲೆ ತೋಳಗಳು ಕಂಡವು. ಒಂದರ ಹೆಜ್ಜೆಯಲ್ಲಿ ಒಂದು ಹೆಜ್ಜೆಯಿಟ್ಟು ಸಾಲಾಗಿ ಹಿಮದ ಮೇಲೆ ಇಳಿದು ಬಂದವು. ಕೆಳಗೆ ಬಂದ ಮೇಲೆ ಸಾಲು ಒಡೆದು ಟ್ರಕ್ಕಿನ ಹಿಂದೆ ಅರ್ಧಚಂದ್ರವಾಗಿ ಕೂತವು. ಅವುಗಳಲ್ಲಿ ಬಾಲ ಸೊಟ್ಟಗಿದ್ದ ಒಂದು ಬೂದು ಹೆಣ್ಣು ತೋಳ ಎಲ್ಲರಿಗಿಂತ ಮುಂದೆ.

ಟಿಲ್ಲಿ ಹಿಂದೆ ನೋಡುವ ಕನ್ನಡಿಗೆ ಮುಖ ಹತ್ತಿರ ತಂದಳು. ಹೆದರಿಕೆಯಿಂದಲೂ ಹೌದು, ಹೆಚ್ಚಾಗಿ ಬೇರೆ ಕಾರಣಕ್ಕೆ. ಕರಡಿ, ತೋಳ, ನಡುವೆ ಮಾಂಸ! ದುಂಡುಮೇಜಿನವರು ದೂರದರ್ಶಕ ಹಿಡಿದು ಮೈಲಿಯಾಚೆಯಿಂದ ನೋಡಿದ್ದು ಅವಳ ಕನ್ನಡಿಯಲ್ಲೇ ನಡೆಯುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಆ ಸಂತೋಷದ ಕತ್ತು ಹಿಸುಕಿತು. ಕರಡಿ ಒಂದು ತುತ್ತು ತಿಂದರೆ ಮುಗಿಯಿತು. ಕುರ್ಚಿಯಲ್ಲಿ ಕೂತು "ನನ್ನ ಗಾಡಿಯಲ್ಲಿ ಕರಡಿಗೆ ಊಟ ಹಾಕಿಸಿದೆ" ಎಂದು ಹೇಳಬೇಕು. ಆ ಕಥೆಗೆ ಕುರ್ಚಿ ಸಿಕ್ಕರೂ ಅದು ಮುಳ್ಳಿನದು.

"ಲಾರ್ಸ್," ಎಂದಳು ಖಾಲಿ ಪಕ್ಕದ ಸೀಟಿಗೆ, "ಎರಡೂ ಬೇಕು ನಂಗೆ. ಒಂದು ಬಿಟ್ಟು ಒಂದಲ್ಲ."

ಕರಡಿ ಒಂದು ಹಗ್ಗ ಕಿತ್ತಿತು. ಬಾಲಸೊಟ್ಟೆ ತೋಳ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂದು ಕರಡಿಯ ಅಂಡಿಗೆ ಬಾಯಿ ಹಾಕಿ ಹಿಂದಕ್ಕೆ ಹಾರಿತು. ಕರಡಿ ಗಿರ್ರನೆ ತಿರುಗಿ ಬೀಸಿದ ಪಂಜ ಗಾಳಿಗೆ ಬಿತ್ತು. ಮತ್ತೆ ಟಾರ್ಪಾಲು, ಮತ್ತೆ ಕಚ್ಚು, ಮತ್ತೆ ಗಾಳಿಗೆ ಹೊಡೆತ. ಈಗ ಮಹಾಯುದ್ಧ ಶುರು ಎಂದು ಟಿಲ್ಲಿ ಸೀಟಿನ ತುದಿಗೆ ಬಂದಳು.

ಯುದ್ಧ ಶುರುವಾಗಲಿಲ್ಲ. ಕರಡಿ ಹಿಂಬಾಗಿಲಿಗೆ ಬೆನ್ನು ಕೊಟ್ಟು, ಮಧ್ಯಾಹ್ನ ಅಂಗಡಿ ಮುಚ್ಚಿದ ಶೆಟ್ಟರಂತೆ, ಕಾಲು ಚಾಚಿ ಕೂತುಬಿಟ್ಟಿತು. ತೋಳಗಳೂ ಮಲಗಿದವು. ಒಂದು ತೋಳ ಆಕಳಿಸಿತು. ಇನ್ನೊಂದು ಚಿಗಟ ಹಿಡಿಯಿತು. ಕರಡಿಯ ಗೊರಕೆಗೆ ಟ್ರಕ್ಕು ಸಣ್ಣಗೆ ನಡುಗಿತು.

ಹೊತ್ತು ಹೋಯಿತು. ನೆರಳು ಗಾಲಿಯ ಈ ಬದಿಯಿಂದ ಆ ಬದಿಗೆ ಬಂತು. ಟಿಲ್ಲಿಯ ಕಾಲು ಮರಗಟ್ಟಿತು. ಥರ್ಮಸ್ಸಿನ ಕಾಫಿ ಮುಗಿಯಿತು. ಮುಗಿದ ಕಾಫಿ ಹೊರಗೆ ಹೋಗುವ ದಾರಿ ಕೇಳತೊಡಗಿತು. ಆ ವಿಷಯವನ್ನು ಟಿಲ್ಲಿ ಹೇಗೆ ಬಗೆಹರಿಸಿದಳೆಂದು ಬಿಡಿಸಿ ಹೇಳುವುದು ಸಭ್ಯತೆಯಲ್ಲ. ಆ ಥರ್ಮಸ್ಸಿನಿಂದ ಆಮೇಲೆ ಯಾರೂ ಕಾಫಿ ಕುಡಿಯಲಿಲ್ಲ ಎಂದರೆ ಸಾಕು.

"ಇದೇನಾ ನಿನ್ನ ಮಹಾಯುದ್ಧ?" ಎಂದು ಪಕ್ಕದ ಸೀಟಿಗೆ ಇನ್ನೊಮ್ಮೆ ಕೇಳಿದಳು. "ನಿನ್ನ ಜೊತೆ ಚರ್ಚಿಗೆ ಹೋದ್ರೂ ಇದಕ್ಕಿಂತ ಮಜಾ ಇರ್ತಿತ್ತು."

ಆದರೂ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಕುದುರೆಯ ಹಿಂಗಾಲು ಹಿಡಿದು ಬೆಳೆದ ಹೆಂಗಸು.

ಕೊನೆಗೆ ಹರಿಕಿವಿ ಎದ್ದು ಮೈ ಕೊಡವಿತು. ಈ ಸಲ ಆಟವಿಲ್ಲ. ಮುಂಗಾಲೆರಡನ್ನೂ ಹಿಂಬಾಗಿಲ ಮೇಲಿಟ್ಟು ಟಾರ್ಪಾಲನ್ನು ಉದ್ದಕ್ಕೆ ಸೀಳಿತು. ಮುದಿ ಹಸುವಿನ ಒಂದು ಗೊರಸು ಹೊರಗೆ ಕಂಡಿತು. ಅತ್ತ ಬಾಲಸೊಟ್ಟೆ ನೆಲ ಹಿಡಿದು ಹೊರಟಿತು. ಆಗ ಟಿಲ್ಲಿಗೆ ಹೊಳೆಯಿತು. ಬರೀ ಹಾರನ್ನಿಗೆ ಕರಡಿ ಹೆದರಲಿಲ್ಲ, ಸದ್ದು ಕಚ್ಚುವುದಿಲ್ಲವಲ್ಲ. ಬರೀ ಕಚ್ಚಿಗೂ ಹೆದರಲಿಲ್ಲ, ತೋಳವೆಂದು ಗೊತ್ತಿತ್ತು. ಎರಡೂ ಒಟ್ಟಿಗೆ ಬಿದ್ದರೆ?

ಹಾರನ್ನಿನ ಮೇಲೆ ಕೈಯಿಟ್ಟು ಕಾದಳು. ಬಾಲಸೊಟ್ಟೆ ಹತ್ತಿರವಾಯಿತು. ಇನ್ನೂ ಹತ್ತಿರ. ಕರಡಿಯ ಬಾಯಿ ಗೊರಸಿಗೆ ತಾಗುವಷ್ಟರಲ್ಲಿ ತೋಳದ ಹಲ್ಲು ಅಂಡಿಗೆ ಇಳಿಯಿತು, ಅದೇ ಚಣಕ್ಕೆ ಟಿಲ್ಲಿ ಮೈಯ ಭಾರವನ್ನೆಲ್ಲ ಹಾರನ್ನಿನ ಮೇಲೆ ಹಾಕಿದಳು.

ಕರಡಿ ಹಿಂಬಾಗಿಲಿನಿಂದ ಕೆಳಗೆ ಬಿತ್ತು. ಎದ್ದು ತೋಳದ ಕಡೆ ನೋಡಲಿಲ್ಲ. ಟ್ರಕ್ಕಿನ ಕಡೆ ನೋಡಿತು. ಅದರ ಮುಖದಲ್ಲಿ ಮೊದಲ ಸಲ ಒಂದು ಅನುಮಾನ.

ಮತ್ತೆ ಹತ್ತಿತು. ಮತ್ತೆ ಹಲ್ಲು, ಮತ್ತೆ ಹಾರನ್ನು. ಇಬ್ಬರೂ ಹೆಂಗಸರು, ಒಬ್ಬಳು ಹಿಂದೆ ಒಬ್ಬಳು ಮುಂದೆ, ಹಿಂದೆಂದೂ ಭೇಟಿಯಾಗದವರು, ಮೇಳದಲ್ಲಿ ಒಟ್ಟಿಗೆ ಪಳಗಿದವರಂತೆ ತಾಳ ತಪ್ಪದೆ ಬಾರಿಸಿದರು. ಹರಿಕಿವಿ ಟ್ರಕ್ಕಿನ ಸುತ್ತ ಬಂದು ಕ್ಯಾಬಿನ್ನಿನ ಕಿಟಕಿಗೆ ಮೂಗು ಒತ್ತಿತು. ಗಾಜು ಮಂಜಾಯಿತು. ಒಳಗೆ ಟಿಲ್ಲಿ, ಹೊರಗೆ ಕರಡಿ, ನಡುವೆ ಒಂದು ಬೆರಳು ದಪ್ಪವೂ ಇಲ್ಲದ ಗಾಜು. ಅವಳ ಕಣ್ಣು ಕದಲಲಿಲ್ಲ.

"ಇದು ನನ್ನ ಹೊರೆ," ಎಂದಳು. "ನಿಂದಲ್ಲ. ನಡಿ."

ಕರಡಿ ಯೋಚಿಸಿತು. ಯೋಚನೆ ಮುಗಿಸಲು ಟ್ರಕ್ಕಿನ ಹಿಂಭಾಗಕ್ಕೆ ಹೋದದ್ದೇ ತಪ್ಪಾಯಿತು. ಬಾಲಸೊಟ್ಟೆ ಕಾದಿತ್ತು, ಹಾರನ್ನೂ ಕಾದಿತ್ತು. ಈ ಸಲ ಹರಿಕಿವಿ ತೀರ್ಮಾನಕ್ಕೆ ಬಂತು: ಈ ಗಾಡಿಗೆ ಹಲ್ಲಿದೆ. ಹಲ್ಲಿರುವ ಗಾಡಿಯ ಸಹವಾಸ ಮರ್ಯಾದಸ್ಥ ಕರಡಿಗೆ ಬೇಡ. ಓಡಲಿಲ್ಲ. ಅಗಲವಾದ ಹಿಂಭಾಗ ತೂಗುತ್ತ, ತಾನಾಗಿಯೇ ಬೇಡವೆಂದು ಬಿಟ್ಟು ಹೋಗುತ್ತಿರುವವನಂತೆ, ಹಳ್ಳ ದಾಟಿತು. ಆಚೆ ದಡದಲ್ಲಿ ಒಮ್ಮೆ ನಿಂತು ತಿರುಗಿ ನೋಡಿತು. ಟಿಲ್ಲಿ ಇನ್ನೊಂದು ಹಾರನ್ನು ಕೊಟ್ಟಳು. ಆಗ ಓಡಿತು.

ಉಳಿದವು ತೋಳಗಳು. ಅವಳು ಬಾಗಿಲು ತೆಗೆದು, ಸ್ಪ್ರೇ ಡಬ್ಬಿ ಹಿಡಿದು, ಮರಗಟ್ಟಿದ ಕಾಲೆಳೆಯುತ್ತ ಇಳಿದು, ಲಾರ್ಸನ ಮೇಲೆ ಎಂದೂ ಬಳಸದ ಕೆಲವು ಮಾತುಗಳನ್ನು ಕೂಗಿದಳು. ಮನುಷ್ಯರ ಆಕಾರ ಕಂಡದ್ದೇ ತೋಳಗಳು ದಿಬ್ಬ ಹತ್ತಿದವು. ಬಾಲಸೊಟ್ಟೆ ಕೊನೆಗೆ ಹೋದದ್ದು. ಹೋಗುವ ಮುಂಚೆ ಟಿಲ್ಲಿಯನ್ನು ಸ್ವಲ್ಪ ಹೊತ್ತು ನೋಡಿತು. ಸಂಬಳ ಕೊಡದೆ ದುಡಿಸಿಕೊಂಡ ಯಜಮಾನಿಯನ್ನು ನೋಡುವ ನೋಟ.

ಸೂರ್ಯ ಪಡುವಣ ಬೆಟ್ಟದ ಹಿಂದೆ ಇಳಿದದ್ದೇ ಕೆಸರು ಗಟ್ಟಿಯಾಗತೊಡಗಿತು. ಸರಪಳಿ ಸುತ್ತಿದ ಗಾಲಿಗೆ ಹಿಡಿತ ಸಿಕ್ಕಿ, ಹಗಲು ನುಂಗಿದ ಟ್ರಕ್ಕನ್ನು ನೆಲ ಚಳಿಗೆ ತಾನೇ ಉಗುಳಿತು. ಟಿಲ್ಲಿ ಗೊಬ್ಬರದ ಬೇಲಿಯೊಳಗೆ ಹೋಗಿ ಹೊರೆ ಇಳಿಸಿದಳು: ಮುದಿ ಹಸು, ಎರಡು ಕರು, ಒಂದು ಕೂದಲೂ ಕಡಿಮೆಯಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ಮುಂದೆ ಹಿಮದ ರಾಶಿ ಬಿದ್ದಿತ್ತು. ಛಾವಣಿ ಬೋಳು. ಜಗುಲಿಯ ಮೇಲೆ ಲಾರ್ಸನ ಕುರ್ಚಿ, ಅದರ ಮೇಲೆ ಐಡಾಳ ಜೆರೇನಿಯಂ ಕುಂಡ.

ಟಿಲ್ಲಿ ಕುಂಡವನ್ನು ಕೆಳಗಿಟ್ಟಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಹರಿದ ಟಾರ್ಪಾಲು, ಕಾಲಲ್ಲಿ ಬೂಟು. ಹಾಗೆಯೇ ಒಳಗೆ ಬಂದು ಟಾರ್ಪಾಲನ್ನು ದುಂಡುಮೇಜಿನ ಮೇಲೆ ಹರಡಿದಳು. ಉಗುರಿನ ಸೀಳುಗಳು ಕ್ಲೆಮ್ ತಿನ್ನುತ್ತಿದ್ದ ಸೇಬಿನ ಪೈ ತಟ್ಟೆಯ ಮೇಲಿಂದ ಆರ್ವಿಡ್‌ನ ಕಪ್ಪಿನವರೆಗೆ ಹಾದುಹೋಗಿದ್ದವು.

"ನನ್ನ ಪೈ ಮೇಲೆ ಹಾಕಿದ್ಯಲ್ಲೆ!" ಎಂದ ಕ್ಲೆಮ್.

"ಪೈ ಆಮೇಲೆ ತಿನ್ನು. ಕಥೆ ಕೇಳು." ಹೇಳಿದಳು. ಕೂಡಿಸಲಿಲ್ಲ, ಕಳೆಯಲಿಲ್ಲ. ಗೊರಕೆ ಹೇಳಿದಳು, ಆಕಳಿಕೆ ಹೇಳಿದಳು. ಥರ್ಮಸ್ಸನ್ನು ಮಾತ್ರ ಬಿಟ್ಟಳು. ಆರ್ವಿಡ್‌ನ ಹೊಗೆಕೊಳವೆ ಆರಿಹೋದದ್ದು ಅವನಿಗೆ ತಿಳಿಯಲಿಲ್ಲ. ಹಾರನ್ನಿನವರೆಗೆ ಬಂದು, ಕರಡಿ ಕಿಟಕಿಗೆ ಮೂಗು ಒತ್ತಿದಲ್ಲಿಗೆ ಬಂದು, ಟಿಲ್ಲಿ ಬೇಕೆಂದೇ ನಿಲ್ಲಿಸಿದಳು. "ಸಾಕು. ಪ್ರಶ್ನೆ ಕೇಳು."

"ಜಗುಲಿಗೆ ಬಾ," ಎಂದ ಕ್ಲೆಮ್.

"ಜಗುಲಿಯಿಂದ ಈಗಷ್ಟೇ ಬಂದೆ. ಇಲ್ಲೇ ಕೇಳು."

ಕ್ಲೆಮ್ ಸುತ್ತ ನೋಡಿದ. ಉದ್ದಮೇಜಿನವರೆಲ್ಲ ಇತ್ತಲೇ ತಿರುಗಿ ಕೂತಿದ್ದರು. "ಮೊದಲು ಎದ್ದು ಹೋಗಿದ್ದು ಯಾರು?"

"ಕರಡಿ."

ಆರ್ವಿಡ್ ಕಣ್ಣು ಮುಚ್ಚಿಕೊಂಡ. ಕ್ಲೆಮ್ ನಿಜವಾದ ವ್ಯಥೆಯಿಂದ ತಲೆಯಾಡಿಸಿದ. "ತಪ್ಪು ಟಿಲ್ಲಿ."

"ತಪ್ಪು ಹೇಗಾಗತ್ತೆ? ಕಣ್ಣೆದುರಿಗೆ ಹೋಯ್ತು! ಮತ್ಯಾರು, ಕಾಗೆನಾ?"

"ಮೇಜಿನ ಮಾತು..."

"ಸಾಕು ಬಿಡೋ ಕ್ಲೆಮ್," ಎಂದ ಆರ್ವಿಡ್. ಅವನ ಮುಖ ಕೆಂಪಾಗಿತ್ತು. "ನಾನೇ ಹೇಳ್ತೀನಿ. ಸರಿಯಾದ ಉತ್ತರ 'ನಾನು' ಅಂತ, ಟಿಲ್ಲಿ. ಮೊದಲು ಎದ್ದು ಹೋಗಿದ್ದು ನಾನು. ಅವು ಹಾಗೇ ಮಲಗಿರ್ತವೆ, ದಿನಗಟ್ಲೆ. ಯಾವನು ಕೂತಿರ್ತಾನೆ ಆ ಚಳೀಲಿ? ನಂಗೆ ಹಸಿವಾಯ್ತು, ಎದ್ದು ಬಂದೆ. ಈ ಕ್ಲೆಮ್‌ಗೆ ಬೆನ್ನು ಹಿಡ್ಕೊಳ್ತು."

"ಸುಳ್ಳು ಹೇಳೋನು ಯಾವತ್ತೂ ತಾನು ಎದ್ದು ಬಂದೆ ಅನ್ನಲ್ಲ," ಎಂದು ಕ್ಲೆಮ್ ಗೊಣಗಿದ. "ನಿಜ ನೋಡ್ದೋನೇ ಹಾಗನ್ನೋದು. ಪ್ರಶ್ನೆ ಸರಿಯಾಗೇ ಇದೆ."

ಕಾಫಿ ಪಾತ್ರೆ ಹಿಡಿದು ನಿಂತಿದ್ದ ಐಡಾ ಬಾಯಿ ತೆರೆದಳು. "ಅಂದ್ರೆ ನಿಮ್ಮಲ್ಲಿ ಒಬ್ರೂ ಕೊನೆ ನೋಡಿಲ್ವಾ? ಇಷ್ಟು ವರ್ಷದಿಂದ ಹೇಳ್ತಾ ಬಂದಿದ್ದು ಆ ಮರದ ಮೇಲಿಂದ ಎಸೆದಿದ್ದು, ರಕ್ತದ ಹೊಳೆ, ಎಲ್ಲಾ..."

ದುಂಡುಮೇಜು ತನ್ನ ಬೂಟುಗಳನ್ನು ನೋಡಿತು.

"ಲಾರ್ಸ್?" ಎಂದಳು ಟಿಲ್ಲಿ.

"ಅವನಿಗೆ ನಿನ್ನ ಸಾರಿನ ನೆನಪಾಯ್ತಂತೆ," ಎಂದ ಆರ್ವಿಡ್. "ಬಿಸಿ ಆರೋ ಮುಂಚೆ ಹೋಗ್ಬೇಕು ಅಂತ ಓಡಿ ಬಂದನಂತೆ."

ಸಾಯುವಾಗ ಅವನು ನಕ್ಕದ್ದು ಇದಕ್ಕೆ! ಟಿಲ್ಲಿಗೆ ಒಂದು ಚಣ ಹೊಡೆಯಬೇಕೆನ್ನಿಸಿತು, ಹೊಡೆಯಲು ಅವನಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದಳು.

"ನಿಯಮ ಅಂದ್ರೆ ನಿಯಮ," ಎಂದ ಕ್ಲೆಮ್, ಅಷ್ಟೇನೂ ಧೈರ್ಯವಿಲ್ಲದೆ. "ಉತ್ತರ ತಪ್ಪು."

"ನೀವೆಲ್ಲ ಯಾರದ್ದೋ ಊಟ ನೋಡೋಕೆ ಹೋಗಿದ್ರಿ. ಬೇಜಾರಾಯ್ತು, ಎದ್ರಿ. ತಪ್ಪೇನಿಲ್ಲ. ನಂದು ನನ್ನ ಹೊರೆ. ಅದನ್ನ ಬಿಟ್ಟು ನಾನೆಲ್ಲಿಗೆ ಏಳ್ಲಿ ಕ್ಲೆಮ್? ನನ್ನ ಉತ್ತರ ಸರಿಯಾಗೇ ಇದೆ. ನಿನ್ನ ಪ್ರಶ್ನೆಗೆ ಅಷ್ಟು ಹೊತ್ತು ಕೂರೋರು ಸಿಕ್ಕಿರ್ಲಿಲ್ಲ, ಅಷ್ಟೇ."

ಎಂದವಳೇ ಕ್ಲೆಮ್‌ಗೂ ಆರ್ವಿಡ್‌ಗೂ ನಡುವೆ ಕುರ್ಚಿಯನ್ನು ತುರುಕಿ ಕೂತಳು. ಕುರ್ಚಿ ಕಿರುಗುಟ್ಟಿತು. ಯಾರೂ ಎತ್ತಿ ಹಾಕಲು ಬರಲಿಲ್ಲ. ಒಮ್ಮೆ ಹಿಡಿದದ್ದನ್ನು ಅವಳಿಂದ ಬಿಡಿಸುವುದು ಕುದುರೆಗಳಿಂದಲೂ ಆಗಿರಲಿಲ್ಲ.

ಕ್ಲೆಮ್ ಸಕ್ಕರೆ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದ. ಟಾರ್ಪಾಲಿನ ಸೀಳಿನೊಳಗೆ ಬೆರಳಿಟ್ಟು ನೋಡಿದ. ಅವನ ವಯಸ್ಸಿನಲ್ಲಿ ಅಷ್ಟು ಸಣ್ಣ ಹುಡುಗನ ದನಿ ಎಲ್ಲಿಂದ ಬಂತೋ. "ಟಿಲ್ಲಿ... ಆಮೇಲೆ?"

"ಏನು ಆಮೇಲೆ?"

"ಕಿಟಕಿಗೆ ಮೂಗು ಒತ್ತಿದ ಮೇಲೆ. ಎತ್ಲಾಗೆ ಹೋಯ್ತು? ಓಡ್ತಾ? ತಿರುಗಿ ನೋಡ್ತಾ?"

"ಮೊದಲು ಕಾಫಿ," ಎಂದಳು ಟಿಲ್ಲಿ.

ಐಡಾ ದುಂಡುಮೇಜಿಗೆ ಇನ್ನೊಂದು ಕಪ್ಪು ಇಟ್ಟು ತುಂಬಿದಳು. ಉದ್ದಮೇಜಿನವರು ಬೆಂಚು ಸಮೇತ ಹತ್ತಿರ ಜರುಗಿದರು. ಆ ದಿನ ಪಡುವಣ ಗಾಳಿ ಜೋರಾಗಿಯೇ ಬೀಸುತ್ತಿತ್ತು, ಕಿಟಕಿ ತೆರೆದಿತ್ತು, ಟಿಲ್ಲಿಯ ಬೂಟು ಕಾಲಲ್ಲೇ ಇತ್ತು. ಕಥೆ ಮುಗಿಯುವ ತನಕ ಒಬ್ಬರೂ ಎದ್ದು ಹೋಗಲಿಲ್ಲ.